ಮೂರು ಕಡೆ ಸೋತವರು ಕಲಿಸುವ ಮಾತು

ಕಳೆದ ತಿಂಗಳು ಗೆಳತಿಯೊಬ್ಬಳು ವಾಟ್ಸ್ಆ್ಯಪ್‌ನಲ್ಲಿ ಒಂದು ಜಾಹೀರಾತು ಕಳಿಸಿ, ಹಿಂದೆಯೇ ಫೋನ್ ಮಾಡಿದಳು. ಎಂಟನೇ ಕ್ಲಾಸಿನ ಮಗಳನ್ನು ಆನ್‌ಲೈನ್ ಡಿಬೇಟ್ ತರಗತಿಗೆ ಸೇರಿಸುವ ಯೋಚನೆ ಅವಳದು. ಜಾಹೀರಾತಿನಲ್ಲಿ ಕೋಚ್‌ನ ಫೋಟೊ, ಕೆಳಗೆ ಮೂರು ಸಾಲಿನ ಪರಿಚಯ. ಕಾಲೇಜಿನ ದಿನಗಳಲ್ಲಿ ಡಿಬೇಟ್ ಟೂರ್ನಮೆಂಟುಗಳಲ್ಲಿ ಬಹುಮಾನ, ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿ ಎರಡು ವರ್ಷ ಕಾಲೇಜಿನಲ್ಲಿ ಪಾಠ. ಆಮೇಲೆ ಸ್ವಂತದ್ದೊಂದು ಸ್ಟಾರ್ಟಪ್. “ಇದನ್ನ ಓದಿದ್ರೆ ಏನನ್ಸುತ್ತೆ ಹೇಳೇ. ಇವರು ಎಲ್ಲ ಗೊತ್ತಿರೋರಾ, ಇಲ್ಲಾ ಎಲ್ಲೂ ನಿಲ್ಲದೆ ಕೊನೆಗೆ ಟ್ಯೂಷನ್ನಿಗೆ ಇಳಿದೋರಾ?” ಎಂದು ಕೇಳಿದಳು.

ತಾಯಿಯಾದವಳು ಕೇಳಲೇಬೇಕಾದ ಪ್ರಶ್ನೆ ಅದು. ಗಣಿತದ ಮೇಷ್ಟ್ರಿಗೆ ಡಿಗ್ರಿ ಇರುತ್ತದೆ. ಸಂಗೀತದ ಮೇಷ್ಟ್ರು ಯಾರ ಶಿಷ್ಯರೆಂದು ವಿಚಾರಿಸಬಹುದು. ಕರಾಟೆಯವರ ಸೊಂಟದಲ್ಲಿ ಬೆಲ್ಟ್ ಕಾಣಿಸುತ್ತದೆ. ಚರ್ಚೆ ಕಲಿಸುವವರನ್ನು ಯಾವ ಗುರುತಿನಿಂದ ಅಳೆಯಬೇಕು? ಫೋನಿನಲ್ಲಿ ಎರಡು ಮಾತಿನಲ್ಲಿ ಮುಗಿಸುವಂಥದ್ದಲ್ಲ ಅನ್ನಿಸಿ “ಯೋಚಿಸಿ ಹೇಳ್ತೀನಿ” ಅಂದೆ. ಆ ಯೋಚನೆಯೇ ಈ ವಾರದ ಅಂಕಣ.

ಈ ವಿಷಯ ನನ್ನನ್ನು ಕಾಡುವುದಕ್ಕೆ ಒಂದು ಹಳೆಯ ಕಾರಣವಿದೆ. ಕೆಲವು ವರ್ಷಗಳ ಹಿಂದೆ ಪ್ರೌಢಶಾಲಾ ಮಕ್ಕಳ ಚರ್ಚಾ ಸ್ಪರ್ಧೆಯೊಂದಕ್ಕೆ ನನ್ನನ್ನು ತೀರ್ಪುಗಾರಳಾಗಿ ಕರೆದಿದ್ದರು. ವಿಷಯ ನಿಮಗೂ ಗೊತ್ತಿರುವಂಥದ್ದೇ: ಮೊಬೈಲ್ ವರವೋ, ಶಾಪವೋ. ಪರವಾಗಿ ಮಾತಾಡಲು ಬಂದ ಹುಡುಗನೊಬ್ಬ, ತನ್ನ ಅಪ್ಪ ಟೊಮೆಟೊ ಕೀಳಿಸುವ ಮುಂಚೆ ಮಂಡಿಯ ರೇಟನ್ನು ಮೊಬೈಲಿನಲ್ಲಿ ನೋಡುತ್ತಾರೆ, ರೇಟು ಬಿದ್ದ ದಿನ ಕೂಲಿಯವರನ್ನು ಕರೆಯುವುದಿಲ್ಲ, ಅಷ್ಟರಮಟ್ಟಿಗೆ ನಷ್ಟ ತಪ್ಪುತ್ತದೆ ಎಂದ. ನಾನು ನೆಟ್ಟಗೆ ಕೂತೆ. ಮುಂದೆ ವಿರೋಧವಾಗಿ ಮಾತಾಡಲು ಬಂದ ಹುಡುಗಿ “ಗೌರವಾನ್ವಿತ ತೀರ್ಪುಗಾರರೇ, ಗುರುವೃಂದದವರೇ” ಎಂದು ಶುರುಮಾಡಿ, ಮೂರು ನಿಮಿಷ ಎಲ್ಲೂ ತಡವರಿಸದೆ ಒಪ್ಪಿಸಿದಳು. ಟೊಮೆಟೊ ಬಗ್ಗೆ ಒಂದು ಮಾತಿಲ್ಲ. ಹಿಂದಿನ ಸಾಲಿನಲ್ಲಿ ಅವಳ ಟೀಚರ್ ಕೂತಿದ್ದರು. ಹುಡುಗಿಯ ಜೊತೆಜೊತೆಗೇ ಅವರ ತುಟಿಗಳೂ ಅಲ್ಲಾಡುತ್ತಿದ್ದವು.

ಮೊದಲ ಬಹುಮಾನ ಆ ಹುಡುಗಿಗೇ ಹೋಯಿತು. ನನ್ನ ಕೈಲಿದ್ದ ಅಂಕಪಟ್ಟಿಯಲ್ಲಿ ವಿಷಯ ಮಂಡನೆ, ಉಚ್ಚಾರಣೆ, ಹಾವಭಾವ, ಸಮಯಪಾಲನೆ ಎಂದು ನಾಲ್ಕು ಕಾಲಂ ಇದ್ದವು. ಎದುರಿನವರು ಹೇಳಿದ್ದಕ್ಕೆ ಕೊಟ್ಟ ಉತ್ತರಕ್ಕೆ ಒಂದು ಕಾಲಂ ಇರಲಿಲ್ಲ. ಕೂಡಿಸಿ, ಸಹಿ ಮಾಡಿ ಕೊಟ್ಟೆ. ಆ ಸಹಿ ಇವತ್ತಿಗೂ ನನ್ನ ಮನಸ್ಸಿಗೆ ಚುಚ್ಚುತ್ತದೆ.

ಭಾಷಣಕ್ಕೂ ಚರ್ಚೆಗೂ ಇರುವ ವ್ಯತ್ಯಾಸ ಆ ಕಾಣೆಯಾದ ಕಾಲಂನಲ್ಲೇ ಇದೆ. 1988ರಲ್ಲಿ ಆಸ್ಟ್ರೇಲಿಯಾದಲ್ಲಿ ಶುರುವಾದ ಶಾಲಾ ಮಕ್ಕಳ ವಿಶ್ವ ಚರ್ಚಾ ಚಾಂಪಿಯನ್‌ಶಿಪ್‌ನ ಕ್ರಮ ನೋಡಿ. ಒಂದೊಂದು ಕಡೆ ಮೂವರು, ತಲಾ ಎಂಟು ನಿಮಿಷ. ಮೊದಲ ಮತ್ತು ಕೊನೆಯ ನಿಮಿಷ ಬಿಟ್ಟು ಉಳಿದ ಹೊತ್ತಿನಲ್ಲಿ ಎದುರಾಳಿ ಎದ್ದು ನಿಂತು, ಮಾತಾಡುತ್ತಿರುವವರು ಒಪ್ಪಿದರೆ, ಪ್ರಶ್ನೆ ಎಸೆಯಬಹುದು. ಕೆಲವು ವಿಷಯಗಳನ್ನು ಮೊದಲೇ ತಿಳಿಸುತ್ತಾರೆ. ಉಳಿದವನ್ನು ಸುತ್ತಿಗೆ ಒಂದು ಗಂಟೆ ಮುಂಚೆ ಕೈಗಿಡುತ್ತಾರೆ. ವಿಶ್ವವಿದ್ಯಾಲಯ ಮಟ್ಟದ ವಿಶ್ವ ಸ್ಪರ್ಧೆಯಲ್ಲಂತೂ ತಯಾರಿಗೆ ಸಿಗುವುದು ಹದಿನೈದೇ ನಿಮಿಷ. ಪರವೋ ವಿರೋಧವೋ ಎಂದು ಆರಿಸಿಕೊಳ್ಳುವ ಸ್ವಾತಂತ್ರ್ಯವೂ ಇಲ್ಲ. ಇಲ್ಲಿ ಬಾಯಿಪಾಠ ಕೆಲಸಕ್ಕೆ ಬರುವುದಿಲ್ಲ. ಕಿವಿ ಕೆಲಸಕ್ಕೆ ಬರುತ್ತದೆ. 2019ರಲ್ಲಿ ಬ್ಯಾಂಕಾಕ್‌ನಲ್ಲಿ ಭಾರತದ ಮಕ್ಕಳು ಈ ಶಾಲಾ ಚಾಂಪಿಯನ್‌ಶಿಪ್ ಗೆದ್ದರು. ಅಂದರೆ ನಮ್ಮ ಮಕ್ಕಳಿಗೆ ಇದು ಎಟುಕದ ವಿದ್ಯೆಯೇನೂ ಅಲ್ಲ. ಕಲಿಸುವವರು ಬೇಕು, ಅಷ್ಟೆ.

ಈಗ ಆ ಮೂರು ಸಾಲಿನ ಪರಿಚಯಕ್ಕೆ ಬರೋಣ. ಸ್ಪರ್ಧೆ, ವಿದ್ಯಾಭ್ಯಾಸ, ಉದ್ಯಮ ಎಂದು ಅದರಲ್ಲಿ ಮೂರು ಬೇರೆಬೇರೆ ಲೋಕಗಳಿವೆ. ಮೂರರಲ್ಲೂ ಮಾತೇ ಬಂಡವಾಳ. ಆದರೆ ‘ನಿನ್ನ ಮಾತು ನಿಲ್ಲುವುದಿಲ್ಲ’ ಎಂದು ತೀರ್ಪು ಕೊಡುವವರು ಮೂರು ಕಡೆಯೂ ಬೇರೆ. ಪರಿಚಯ ಓದುವಾಗ ಪದಕಗಳನ್ನು ಎಣಿಸುವ ಬದಲು, ಈ ವ್ಯಕ್ತಿ ಎಂಥೆಂಥ ತೀರ್ಪಿಗೆ ತಲೆಬಾಗಿ ಬಂದಿದ್ದಾರೆ ಎಂದು ನೋಡಬೇಕು ಎನ್ನುವುದು ನನ್ನ ಅಭಿಪ್ರಾಯ.

ಮೊದಲನೆಯದು ಸ್ಪರ್ಧೆ. ಬೋ ಸಿಯೊ ಎಂಬ ಹುಡುಗ ಎಂಟನೇ ವಯಸ್ಸಿನಲ್ಲಿ ದಕ್ಷಿಣ ಕೊರಿಯಾದಿಂದ ಆಸ್ಟ್ರೇಲಿಯಾಕ್ಕೆ ಬಂದ. ಇಂಗ್ಲಿಷ್ ಬರುತ್ತಿರಲಿಲ್ಲ. ಮಕ್ಕಳ ಗುಂಪಿನ ಮಾತಿನ ಓಟ ಹಿಡಿಯಲಾಗದೆ, ಸುಮ್ಮನೆ ನಕ್ಕು ತಲೆಯಾಡಿಸುವುದನ್ನು ರೂಢಿ ಮಾಡಿಕೊಂಡ. ಐದನೇ ಕ್ಲಾಸಿನಲ್ಲಿ ಟೀಚರ್ ಒಬ್ಬರು ಡಿಬೇಟಿಗೆ ಕರೆದಾಗ ಅವನನ್ನು ಸೆಳೆದದ್ದು ಒಂದೇ ನಿಯಮ: ಒಬ್ಬರು ಮಾತಾಡುವಾಗ ಉಳಿದವರು ಬಾಯಿ ಹಾಕುವಂತಿಲ್ಲ. ಮಾತಿನ ನಡುವೆ ತುಳಿಸಿಕೊಂಡವನಿಗೆ ಅದೆಷ್ಟು ದೊಡ್ಡ ಆಸರೆಯೆಂದು, ಅಂಥ ಅನುಭವ ಇದ್ದವರಿಗೇ ಗೊತ್ತು. ಅವನು 2013ರಲ್ಲಿ ಆಸ್ಟ್ರೇಲಿಯಾ ತಂಡದಲ್ಲಿದ್ದು ಶಾಲಾ ವಿಶ್ವ ಚಾಂಪಿಯನ್‌ಶಿಪ್ ಗೆದ್ದ, 2016ರಲ್ಲಿ ಹಾರ್ವರ್ಡ್ ಪರವಾಗಿ ವಿಶ್ವವಿದ್ಯಾಲಯಗಳ ವಿಶ್ವ ಚಾಂಪಿಯನ್‌ಶಿಪ್ ಗೆದ್ದ. ಮುಂದೆ ಆಸ್ಟ್ರೇಲಿಯಾದ ಶಾಲಾ ತಂಡಕ್ಕೂ ಹಾರ್ವರ್ಡ್ ತಂಡಕ್ಕೂ ಕೋಚ್ ಆದರು. ಆ ಅನುಭವವನ್ನೇ 2022ರಲ್ಲಿ ಪುಸ್ತಕ ಮಾಡಿದರು.

ಅವರು ಹೇಳಿಕೊಡುವ ಅಭ್ಯಾಸಗಳಲ್ಲಿ ಒಂದು ನನಗೆ ಬಹಳ ಹಿಡಿಸಿದೆ. ವೇದಿಕೆ ಹತ್ತುವ ಕೆಲವೇ ನಿಮಿಷ ಮುಂಚೆ ಹೊಸ ಹಾಳೆ ತೆಗೆದುಕೊಂಡು, ತಾನು ಎದುರಾಳಿಯಾಗಿದ್ದರೆ ಏನು ಹೇಳುತ್ತಿದ್ದೆ ಎಂಬುದನ್ನು ಬರೆಯಬೇಕು. ಅದೂ ಕಾಟಾಚಾರಕ್ಕಲ್ಲ, ಇದ್ದುದರಲ್ಲಿ ಅತ್ಯಂತ ಗಟ್ಟಿಯಾದ ವಾದಗಳನ್ನೇ. ನಮ್ಮ ನೆಲದಲ್ಲಿ ಇದು ಹೊಸದಲ್ಲ, ನಮ್ಮಲ್ಲಿ ಅದಕ್ಕೆ ‘ಪೂರ್ವಪಕ್ಷ’ ಎಂಬ ಹೆಸರೇ ಇದೆ. ಶಾಸ್ತ್ರಗ್ರಂಥಗಳಲ್ಲಿ ಎದುರಾಳಿಯ ಮತವನ್ನು ಮೊದಲು ನಿಲ್ಲಿಸಿ, ಆಮೇಲೆ ಖಂಡಿಸಿ, ಕೊನೆಗೆ ಸಿದ್ಧಾಂತ ಹೇಳುತ್ತಾರೆ.

ಸ್ಪರ್ಧೆ ಕೊಡುವ ದೊಡ್ಡ ಉಡುಗೊರೆ ಯಾವುದೆಂದರೆ, ಕಾರಣ ಸಮೇತ ಸೋಲು. ಇಂಥ ಟೂರ್ನಮೆಂಟುಗಳಲ್ಲಿ ಸುತ್ತು ಮುಗಿದ ಮೇಲೆ ಸಾಮಾನ್ಯವಾಗಿ ತೀರ್ಪುಗಾರರು ಮಕ್ಕಳನ್ನು ಕೂರಿಸಿಕೊಂಡು, ಯಾರು ಗೆದ್ದರು, ಯಾವ ಪಾಯಿಂಟಿನಲ್ಲಿ ಕೈತಪ್ಪಿತು ಎಂದು ಬಿಡಿಸಿ ಹೇಳುತ್ತಾರೆ. ಎರಡು ದಿನದಲ್ಲಿ ನಾಲ್ಕೈದು ಸಲ ಇದನ್ನು ಕೇಳಿಸಿಕೊಂಡ ಮಗು, ತನ್ನ ವಾದ ಬೇರೆ, ತಾನು ಬೇರೆ ಎಂದು ಕಲಿಯುತ್ತದೆ. ದೊಡ್ಡವರಾದ ನಮ್ಮಲ್ಲೇ ಎಷ್ಟು ಜನಕ್ಕೆ ಇದು ಬಂದಿದೆ?

ಆದರೆ ಬರೀ ಸ್ಪರ್ಧೆಯಲ್ಲೇ ಬೆಳೆದವರಿಗೆ ಒಂದು ರೋಗವೂ ಅಂಟುತ್ತದೆ. ಅಮೆರಿಕದ ‘ಪಾಲಿಸಿ ಡಿಬೇಟ್’ನಲ್ಲಿ ನಿಮಿಷಕ್ಕೆ 300 ಪದಗಳಿಗೂ ಮೀರಿ ಓದುವ ರೂಢಿ ಬೆಳೆದುಬಿಟ್ಟಿದೆ. ಎದುರಾಳಿ ಉತ್ತರಿಸದೆ ಬಿಟ್ಟ ಪಾಯಿಂಟು ಸೋತ ಹಾಗೆ ಎಂಬ ಲೆಕ್ಕಾಚಾರದಿಂದ, ಸಾಧ್ಯವಾದಷ್ಟನ್ನು ಸುರಿಯುವ ಆಟ ಅದು. ಅಭ್ಯಾಸವಿಲ್ಲದವರ ಕಿವಿಗೆ ಅದು ಉಸಿರು ಕಟ್ಟಿದ ಗದ್ದಲ. ಡಿಬೇಟಿನವರು ಡಿಬೇಟಿನವರಿಗಾಗಿಯೇ ಮಾತಾಡತೊಡಗಿದರೆ, ಊರಿನವರಿಗೆ ಅದರಿಂದ ಏನು ಪ್ರಯೋಜನ?

ಅಲ್ಲಿ ಎರಡನೆಯ ಲೋಕ ನೆರವಿಗೆ ಬರಬೇಕು: ಓದು, ಅಧ್ಯಯನ, ಪಾಠ. ಇದಕ್ಕೆ ನನ್ನ ಕಣ್ಣ ಮುಂದೆ ಬರುವವರು ಮೆಲ್ವಿನ್ ಟಾಲ್ಸನ್. 1920ರ ದಶಕದಲ್ಲಿ ಟೆಕ್ಸಸ್‌ನ ಮಾರ್ಷಲ್ ಎಂಬ ಸಣ್ಣ ಊರಿನ ವೈಲಿ ಕಾಲೇಜಿಗೆ ಇಂಗ್ಲಿಷ್ ಮೇಷ್ಟ್ರಾಗಿ ಬಂದವರು. ಕರಿಯರ ಕಾಲೇಜು; ದುಡ್ಡಿಲ್ಲ, ಹೆಸರಿಲ್ಲ. ಅಲ್ಲಿ ಅವರು ಡಿಬೇಟ್ ತಂಡ ಕಟ್ಟಿದರು. ಊರೂರಿಗೆ ಕಾರಿನಲ್ಲಿ ಹೋಗುತ್ತಿದ್ದ ಈ ತಂಡಕ್ಕೆ, ವರ್ಣಭೇದದ ಆ ಕಾಲದಲ್ಲಿ, ದಾರಿಯ ಹೋಟೆಲುಗಳಲ್ಲಿ ಊಟವಾಗಲೀ ರೂಮಾಗಲೀ ಸಿಗುತ್ತಿರಲಿಲ್ಲ. 1935ರಲ್ಲಿ ಇದೇ ತಂಡ ಲಾಸ್ ಏಂಜಲೀಸ್‌ಗೆ ಹೋಗಿ, ಆಗಿನ ರಾಷ್ಟ್ರೀಯ ಚಾಂಪಿಯನ್ ಆಗಿದ್ದ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಂಡವನ್ನು ಸೋಲಿಸಿತು. 2007ರಲ್ಲಿ ಡೆನ್ಜೆಲ್ ವಾಷಿಂಗ್ಟನ್ ಈ ಕಥೆಯನ್ನು ಸಿನಿಮಾ ಮಾಡಿದಾಗ ಎದುರಾಳಿಯನ್ನು ಹಾರ್ವರ್ಡ್ ಎಂದು ಬದಲಿಸಿದರು. ನಡೆದ ಘಟನೆಗೆ ಆ ಬಣ್ಣ ಬೇಕಿರಲಿಲ್ಲ.

ಟಾಲ್ಸನ್ ಕೋಚ್ ಆಗಿದ್ದಷ್ಟೇ ಗಟ್ಟಿಯಾಗಿ ವಿದ್ವಾಂಸರೂ ಆಗಿದ್ದರು, ಕವಿಯೂ ಆಗಿದ್ದರು. ಕೊಲಂಬಿಯಾ ವಿಶ್ವವಿದ್ಯಾಲಯದ ಎಂ.ಎ.ಗಾಗಿ ಅವರು ಪ್ರಬಂಧ ಬರೆದದ್ದು ಹಾರ್ಲೆಮ್‌ನ ಕರಿಯ ಲೇಖಕರ ಮೇಲೆ. ಆ ಪದವಿ ಕೈಗೆ ಬಂದದ್ದು 1940ರಲ್ಲಿ, ಓದು ಶುರುಮಾಡಿ ಸುಮಾರು ಹತ್ತು ವರ್ಷ ಕಳೆದ ಮೇಲೆ. ವಿದ್ಯೆಯ ಲೋಕದ ತೀರ್ಪು ಹಾಗೆಯೇ, ನಿಧಾನ. ಅಲ್ಲಿ ಗಂಟೆ ಬಾರಿಸಿದ ಕೂಡಲೇ ವಾದ ಮುಗಿಯುವುದಿಲ್ಲ. ನೀವು ಬರೆದ ಒಂದು ಸಾಲಿಗೆ ಆಧಾರ ಯಾವುದೆಂದು ಹತ್ತು ವರ್ಷದ ಮೇಲೂ ಯಾರೋ ಕೇಳಬಹುದು. ಆ ಭಯವಿದ್ದವರು ಮಕ್ಕಳಿಗೆ “ಒಂದು ಅಧ್ಯಯನದ ಪ್ರಕಾರ” ಎಂದು ಗಾಳಿಯಲ್ಲಿ ಬಾಣ ಬಿಡುವುದನ್ನು ಕಲಿಸುವುದಿಲ್ಲ. ಯಾವ ಅಧ್ಯಯನ, ಯಾರು ಮಾಡಿದ್ದು, ಎಷ್ಟು ಜನರನ್ನು ಕೇಳಿದ್ದರು ಎಂದು ಮೊದಲು ಮಗುವನ್ನೇ ಕೇಳುತ್ತಾರೆ.

ಅಂಥ ತರಬೇತಿಯ ಫಲ ವೇದಿಕೆಯ ಆಚೆಗೂ ಹೋಗುತ್ತದೆ. ಹದಿನಾಲ್ಕನೇ ವಯಸ್ಸಿಗೇ ವೈಲಿ ಸೇರಿ ಟಾಲ್ಸನ್ ಕೈಕೆಳಗೆ ಪಳಗಿದ ಜೇಮ್ಸ್ ಫಾರ್ಮರ್ 1942ರಲ್ಲಿ ‘ಕಾಂಗ್ರೆಸ್ ಆಫ್ ರೇಸಿಯಲ್ ಈಕ್ವಾಲಿಟಿ’ ಕಟ್ಟಿದವರಲ್ಲಿ ಒಬ್ಬರಾಗಿ, ಮುಂದೆ ಅಮೆರಿಕದ ನಾಗರಿಕ ಹಕ್ಕುಗಳ ಹೋರಾಟದ ನಾಯಕರಾದರು. ಅದೇ ಕಾಲೇಜಿನಲ್ಲಿ ಓದಿದ ಹೀಮನ್ ಸ್ವೆಟ್, ಟೆಕ್ಸಸ್ ವಿಶ್ವವಿದ್ಯಾಲಯದ ಕಾನೂನು ಶಾಲೆ ತನಗೆ ಸೀಟು ಕೊಡಲಿಲ್ಲವೆಂದು ಸುಪ್ರೀಂ ಕೋರ್ಟಿನವರೆಗೂ ಹೋಗಿ 1950ರಲ್ಲಿ ಗೆದ್ದರು.

ವಿದ್ಯೆಯ ಲೋಕಕ್ಕೂ ತನ್ನದೇ ಊನವಿದೆ. ಅಲ್ಲಿ ಕೇಳುವವರು ಮೊದಲೇ ಆಸಕ್ತಿ ಇಟ್ಟುಕೊಂಡು ಬಂದವರು. ಇಲ್ಲವೇ ಹಾಜರಿಗಾಗಿ ಕೂತವರು. ಎದ್ದು ಹೋಗುವ ಸ್ವಾತಂತ್ರ್ಯ ಇರುವವರನ್ನು ಕೂರಿಸಿಕೊಳ್ಳುವ ವಿದ್ಯೆ ಅಲ್ಲಿ ಸಿಗುವುದಿಲ್ಲ. ಅದು ಸಿಗುವುದು ಮೂರನೆಯ ಲೋಕದಲ್ಲಿ, ಸಂತೆಯಲ್ಲಿ.

ಡೇಲ್ ಕಾರ್ನೆಗಿ ಹೆಸರು ಕೇಳದ ಪುಸ್ತಕದಂಗಡಿ ನಮ್ಮಲ್ಲಿಲ್ಲ. ಆದರೆ ಅವರು ಡಿಬೇಟಿನ ಕೂಸು ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. 1888ರಲ್ಲಿ ಮಿಸ್ಸೌರಿಯ ಬಡ ರೈತರ ಮನೆಯಲ್ಲಿ ಹುಟ್ಟಿದವರು. ಕಾಲೇಜಿನ ಊರಲ್ಲಿ ರೂಮು ಮಾಡಲು ದುಡ್ಡಿಲ್ಲದೆ ದಿನಾ ಕುದುರೆ ಮೇಲೆ ಹೋಗಿ ಬರುತ್ತಿದ್ದರು. ಭಾಷಣ, ಚರ್ಚಾ ಸ್ಪರ್ಧೆಗಳಲ್ಲಿ ಮೇಲಿಂದ ಮೇಲೆ ಸೋತು, ಆಮೇಲೆ ಗೆಲ್ಲತೊಡಗಿದರು. ಮಾಂಸದ ಕಂಪನಿಯೊಂದರ ಸರಕು ಮಾರಿದರು, ನಟನಾಗಲು ಹೋಗಿ ಬಿಟ್ಟರು, ಟ್ರಕ್ ಮಾರಿದರು. 1912ರಲ್ಲಿ ನ್ಯೂಯಾರ್ಕಿನ ವೈಎಂಸಿಎಗೆ ಹೋಗಿ, ರಾತ್ರಿ ಹೊತ್ತು ಭಾಷಣ ಕಲೆ ಕಲಿಸುತ್ತೇನೆ, ದಿನಕ್ಕೆ ಎರಡು ಡಾಲರ್ ಕೊಡಿ ಎಂದರು. ಅವರು ಒಪ್ಪಲಿಲ್ಲ. ಕೊನೆಗೆ ಸಂಬಳವಿಲ್ಲದೆ, ಬಂದ ಲಾಭದಲ್ಲಿ ಪಾಲು ಎಂದು ಮಾತಾಯಿತು.

ಮೊದಲ ತರಗತಿಯಲ್ಲೇ ತಯಾರಿಸಿಕೊಂಡು ಬಂದ ಪಾಠ ಮುಗಿದುಹೋಯಿತಂತೆ. ಎದುರಿಗೆ ಕೂತವರು ಹಗಲೆಲ್ಲ ದುಡಿದು ಬಂದ ಗುಮಾಸ್ತರು, ಸೇಲ್ಸ್‌ಮನ್‌ಗಳು. ಹಿಡಿಸದಿದ್ದರೆ ನಾಳೆ ಬರುವುದಿಲ್ಲ, ಬರದಿದ್ದರೆ ಇವರಿಗೆ ಕಾಸಿಲ್ಲ. ಆಗ ಕಾರ್ನೆಗಿ ಒಬ್ಬೊಬ್ಬರನ್ನೇ ಎಬ್ಬಿಸಿ, ನಿಮಗೆ ಸಿಟ್ಟು ಬರಿಸಿದ ಯಾವುದಾದರೂ ವಿಷಯ ಹೇಳಿ ಎಂದರು. ಹೆದರಿ ಮುದುಡಿದ್ದವರು ಸಿಟ್ಟಿನಲ್ಲಿ ಭಯ ಮರೆತು ಮಾತಾಡಿಬಿಟ್ಟರು. ಅವರ ಇಡೀ ಪದ್ಧತಿ ಅಲ್ಲಿಂದ ಬೆಳೆಯಿತು. ಡಿಬೇಟ್ ಬಲ್ಲವನ ಹೊಟ್ಟೆಪಾಡು ಗಿರಾಕಿಯ ಕೈಗೆ ಸಿಕ್ಕಿದಾಗ ಹುಟ್ಟಿದ ಪಾಠ ಅದು.

1936ರಲ್ಲಿ ಬಂದ ತಮ್ಮ ಪ್ರಸಿದ್ಧ ಪುಸ್ತಕದಲ್ಲಿ ಅವರು ಒಂದು ವಿಚಿತ್ರ ಮಾತು ಹೇಳುತ್ತಾರೆ. ತರ್ಕಶಾಸ್ತ್ರ ಓದಿದವನು, ಚರ್ಚೆ ಮಾಡುವುದನ್ನು ಕಲಿಸಿದವನು, ಅದರ ಮೇಲೆ ಪುಸ್ತಕ ಬರೆಯಬೇಕೆಂದಿದ್ದವನು ನಾನು. ಕೊನೆಗೆ ಅರ್ಥವಾದದ್ದು, ವಾದದಿಂದ ಲಾಭ ಪಡೆಯುವ ದಾರಿ ಅದನ್ನು ತಪ್ಪಿಸುವುದೊಂದೇ ಎಂಬ ಅರ್ಥದ ಮಾತು. ನಾನು ಅದನ್ನು ಪೂರ್ತಿ ಒಪ್ಪುವುದಿಲ್ಲ. ಟೆಕ್ಸಸ್‌ನ ಸ್ವೆಟ್ ವಾದ ತಪ್ಪಿಸಿಕೊಂಡಿದ್ದರೆ ಆ ಬಾಗಿಲು ತೆರೆಯುತ್ತಿರಲಿಲ್ಲ. ಆದರೆ ಅಂಗಡಿಯಲ್ಲಿ ಗಿರಾಕಿಯ ಜೊತೆ ವಾದದಲ್ಲಿ ಗೆದ್ದವನು ಗಿರಾಕಿಯನ್ನು ಕಳೆದುಕೊಳ್ಳುತ್ತಾನೆ ಎನ್ನುವುದು ಸತ್ಯ. ಉದ್ಯಮದ ತೀರ್ಪು ಎಲ್ಲಕ್ಕಿಂತ ಕಠಿಣ, ಯಾಕೆಂದರೆ ಅಲ್ಲಿ ಕಾರಣ ಹೇಳುವವರಿಲ್ಲ. ಬರುತ್ತಿದ್ದವರು ಬರುವುದು ನಿಲ್ಲಿಸುತ್ತಾರೆ, ಅಷ್ಟೆ. ಯಾಕೆಂದು ನೀವೇ ಹುಡುಕಿಕೊಳ್ಳಬೇಕು. ಅದನ್ನು ಹುಡುಕಿದವರಿಗೆ ಕೇಳುಗರ ಮುಖ ಓದುವುದು ಬರುತ್ತದೆ. ಸಂತೆಯ ಅಪಾಯವೂ ಇದೆ: ಎಲ್ಲರಿಗೂ ಹಿತವಾದದ್ದನ್ನೇ ಹೇಳುತ್ತ ಹೋಗುವ ನಯ. ಅದಕ್ಕೆ ಮದ್ದು ಮತ್ತೆ ಮೊದಲೆರಡು ಲೋಕಗಳಲ್ಲೇ ಇದೆ.

ಮಾತಿನ ಈ ಬಗೆಗಳನ್ನು ನಮ್ಮ ಹಿರಿಯರು ಬೇರ್ಪಡಿಸಿ ಇಟ್ಟಿದ್ದರು. ಗೌತಮನ ನ್ಯಾಯಸೂತ್ರಗಳು ಚರ್ಚೆಯನ್ನು ಮೂರಾಗಿ ವಿಂಗಡಿಸುತ್ತವೆ. ಸತ್ಯ ತಿಳಿಯಲು ಮಾಡುವುದು ವಾದ. ಗೆಲ್ಲಲು ಮಾಡುವುದು ಜಲ್ಪ. ತನ್ನದೆಂದು ಏನನ್ನೂ ಹೇಳದೆ ಎದುರಿನವರದನ್ನು ಕೆಡವುವುದಷ್ಟೇ ವಿತಂಡ. ಎಲ್ಲಿ ಎಡವಿದರೆ ಸೋತಂತೆ ಎಂದು ಹೇಳುವ ‘ನಿಗ್ರಹಸ್ಥಾನ’ಗಳ ಸಂಖ್ಯೆ ಅಲ್ಲಿ 22. ಹದಿಮೂರನೇ ಶತಮಾನದಲ್ಲಿ ನಮ್ಮ ಉಡುಪಿಯ ಮಧ್ವಾಚಾರ್ಯರು ಚರ್ಚೆಯ ನಿಯಮಗಳಿಗಾಗಿಯೇ ‘ಕಥಾಲಕ್ಷಣ’ ಎಂಬ ಪುಟ್ಟ ಗ್ರಂಥ ಬರೆದರು. ತೀರ್ಪು ಕೊಡುವವರು ರಾಗದ್ವೇಷ ಇಲ್ಲದವರೂ ವಿದ್ಯೆ ಬಲ್ಲವರೂ ಆಗಿರಬೇಕು ಎಂದು ಅದು ಹೇಳುತ್ತದೆ. ಟೂರ್ನಮೆಂಟಿನ ಆಟ ಜಲ್ಪಕ್ಕೆ ಹತ್ತಿರ, ಅದರಲ್ಲಿ ತಪ್ಪಿಲ್ಲ. ಮಗು ಮನೆಗೆ ಬಂದು ಅಜ್ಜಿಯ ಜೊತೆಗೂ ಜಲ್ಪವನ್ನೇ ಮಾಡಿದರೆ ಮಾತ್ರ ಕೋಚ್ ಸೋತರು ಎಂದರ್ಥ. ಟಿವಿ ಪರದೆಯ ಮೇಲೆ ರಾತ್ರಿ ಒಂಬತ್ತಕ್ಕೆ ನಡೆಯುವುದು ಏನೆಂದು ಓದುಗರೇ ಹೆಸರಿಡಬಲ್ಲರು.

ಎಲ್ಲ ಉತ್ತರವನ್ನೂ ಕಂಪ್ಯೂಟರೇ ಬರೆದುಕೊಡುವ ಕಾಲದಲ್ಲಿ ಇದೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. 2019ರ ಫೆಬ್ರುವರಿಯಲ್ಲಿ ಸ್ಯಾನ್‌ ಫ್ರಾನ್ಸಿಸ್ಕೊದಲ್ಲಿ ಐಬಿಎಂನ ‘ಪ್ರಾಜೆಕ್ಟ್ ಡಿಬೇಟರ್’ ಎಂಬ ಯಂತ್ರಕ್ಕೂ ಹರೀಶ್ ನಟರಾಜನ್ ಎಂಬ ಅನುಭವಿ ಡಿಬೇಟರ್‌ಗೂ ಚರ್ಚೆ ನಡೆಯಿತು. ಶಾಲಾಪೂರ್ವ ಶಿಕ್ಷಣಕ್ಕೆ ಸರ್ಕಾರ ಹಣ ಕೊಡಬೇಕೇ ಎಂಬುದು ವಿಷಯ. ಯಂತ್ರ ಪರ, ಹರೀಶ್ ವಿರೋಧ. ಚರ್ಚೆಗೆ ಮೊದಲು ಸಭೆಯ ಶೇ 79 ಜನ ಪರವಾಗಿದ್ದರು; ಮುಗಿದಾಗ ಅದು ಶೇ 62ಕ್ಕೆ ಇಳಿಯಿತು. ತಿಳಿವಳಿಕೆ ಹೆಚ್ಚು ಕೊಟ್ಟದ್ದು ಯಂತ್ರ ಎಂದು ಸಭಿಕರೇ ಒಪ್ಪಿದರು, ಆದರೆ ಅವರ ಮನಸ್ಸು ವಾಲಿದ್ದು ಮನುಷ್ಯನ ಕಡೆಗೆ. ಯಂತ್ರಗಳು ಅಲ್ಲಿಂದ ಮುಂದೆ ಬಹಳ ದೂರ ಬಂದಿವೆ, ನಿಜ. ಆದರೆ ಮಾಹಿತಿ ಒದಗಿಸುವುದೇ ಒಂದು ಕೆಲಸ, ಎದುರಿಗಿರುವವರಿಗೆ ಅದನ್ನು ಮುಟ್ಟಿಸುವುದು ಇನ್ನೊಂದು ಕೆಲಸ ಎಂಬುದು ಆ ರಾತ್ರಿ ಕಣ್ಣಿಗೆ ಕಾಣಿಸಿತು.

ಇಷ್ಟು ಯೋಚಿಸಿದ ಮೇಲೆ ಗೆಳತಿಗೆ ಹೇಳಿದೆ: “ಏನೇನು ಗೆದ್ದಿದೀರಿ ಅಂತ ಕೇಳ್ಬೇಡ, ಅದು ಜಾಹೀರಾತಲ್ಲೇ ಇದೆ. ಎಲ್ಲಿ ಸೋತ್ರಿ, ಯಾಕೆ ಸೋತ್ರಿ ಅಂತ ಕೇಳು.” ಅವಳು “ನಂಗೆ ಸಂಕೋಚ ಕಣೇ, ನೀನೇ ಬಂದು ಕೇಳು” ಅಂದಳು. ಡೆಮೊ ಕ್ಲಾಸಿನ ದಿನ ಅವಳ ಮನೆಯ ಊಟದ ಮೇಜಿನ ಮುಂದೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆವು. ನಾನು ಕೇಳಿದೆ.

ಕೋಚ್ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ಕಾಲೇಜಿನಲ್ಲಿ ರೈತರ ಸಾಲ ಮನ್ನಾ ಮಾಡಬಾರದು ಎಂಬ ಕಡೆ ಮಾತಾಡಿ ಸೋತದ್ದನ್ನು ಹೇಳಿದರು. “ಬ್ಯಾಂಕಿನ ಲೆಕ್ಕ ಎಲ್ಲಾ ಸರಿಯಾಗೇ ಹೇಳಿದ್ದೆ ಮೇಡಂ. ಜೂನ್‌ನಲ್ಲಿ ಬಿತ್ತನೆ ಬೀಜಕ್ಕೆ ಅವನು ಏನು ಮಾಡ್ಬೇಕು ಅಂತ ಆ ಕಡೆಯವರು ಕೇಳಿದ್ರು. ನನ್ನ ಹತ್ರ ಉತ್ತರ ಇರ್ಲಿಲ್ಲ. ನಿಮ್ಮ ವಾದದಲ್ಲಿ ರೈತನೇ ಇಲ್ಲ ಅಂದ್ರು ಜಡ್ಜ್.” ಕಂಪನಿ? “ಮುಚ್ಚಿದೆ. ಜನ ಬರೋದು ನಿಲ್ಲಿಸಿದ್ರು. ನಾನು ಅವರಿಗೆ ಹೇಳ್ತಾನೇ ಇದ್ದೆ, ಕೇಳಿರ್ಲಿಲ್ಲ.” ತೀರ್ಪುಗಾರರನ್ನು ದೂರಲಿಲ್ಲ, ಮಾರುಕಟ್ಟೆಯನ್ನೂ ದೂರಲಿಲ್ಲ. ಗೆಳತಿ ನನ್ನ ಕಡೆ ನೋಡಿದಳು. ನಾನು ತಲೆಯಾಡಿಸಿದೆ.

ಆಮೇಲೆ ಅವರು ಹುಡುಗಿಯ ಕಡೆ ತಿರುಗಿ, ಹೋಂವರ್ಕ್ ರದ್ದು ಮಾಡಬೇಕೇ ಎಂದು ವಿಷಯ ಕೊಟ್ಟರು. ಅವಳು ಐದು ನಿಮಿಷದಲ್ಲಿ ಪುಟ ತುಂಬ ಪಾಯಿಂಟು ಬರೆದಳು. “ಚೆನ್ನಾಗಿದೆ. ಈಗ ಹಾಳೆ ತಿರುಗಿಸಿ, ನಿಮ್ಮ ಟೀಚರ್ ಏನಂತಾರೆ ಅಂತ ಬರೀರಿ. ಅವರು ಓದಿದ್ರೆ, ಹೌದು, ನಾನು ಹೇಳೋದು ಇದನ್ನೇ ಅನ್ಬೇಕು” ಎಂದರು. ಹುಡುಗಿ ಪೆನ್ಸಿಲ್ ಕಚ್ಚಿಕೊಂಡು ಬಹಳ ಹೊತ್ತು ಕೂತಿದ್ದಳು. “ಇದು ತುಂಬಾ ಕಷ್ಟ ಸರ್” ಎಂದಳು. ಆದರೂ ಮೂರು ಸಾಲು ಬರೆದಳು. ಎರಡನೆಯದನ್ನು ಹೊಡೆದುಹಾಕಿ, ಅದಕ್ಕಿಂತ ಗಟ್ಟಿಯಾದದ್ದನ್ನು ಮತ್ತೆ ಬರೆದಳು.

ನನಗೆ ಆಗ ನೆನಪಾದದ್ದು ನಾನು ಬಹುಮಾನ ಕೊಟ್ಟ ಆ ಇನ್ನೊಂದು ಹುಡುಗಿ. ನೆನಪಿನ ಶಕ್ತಿ, ಸ್ಪಷ್ಟ ಕನ್ನಡ, ಧೈರ್ಯ, ಎಲ್ಲ ಇತ್ತು ಅವಳಿಗೆ. ಟೊಮೆಟೊ ವಿಚಾರವನ್ನು ಒಂದು ಚೀಟಿಯಲ್ಲಿ ಬರೆದುಕೋ, ಅದಕ್ಕೆ ನಿನ್ನ ಉತ್ತರ ಏನು ಎಂದು ಕೇಳುವವರು ಇರಲಿಲ್ಲ. ಆನ್‌ಲೈನ್ ಕೋಚ್ ಅವಳ ಊರಿಗೆ ತಲುಪುವುದು ಯಾವಾಗಲೋ, ಕನ್ನಡದಲ್ಲಿ ಕಲಿಸುವವರು ಸಿಗುವುದು ಯಾವಾಗಲೋ. ಆದರೆ ಹಿಂದಿನ ಸಾಲಿನಲ್ಲಿ ತುಟಿ ಅಲ್ಲಾಡಿಸುತ್ತಿದ್ದ ಆ ಟೀಚರ್ ಅಲ್ಲೇ ಇದ್ದಾರೆ. ಅಂಕಪಟ್ಟಿ ಏನು ಕೇಳುತ್ತದೋ ಅದನ್ನು ಅವರು ಶ್ರದ್ಧೆಯಿಂದ ಕಲಿಸುತ್ತಾರೆ. ಆ ಪಟ್ಟಿ ನಮ್ಮಂಥವರ ಕೈಲಿದೆ.

ಈ ವರ್ಷವೂ ಯಾರಾದರೂ ತೀರ್ಪುಗಾರಳಾಗಿ ಕರೆದರೆ ಹೋಗುತ್ತೇನೆ. ಸ್ಪರ್ಧೆ ಶುರುವಾಗುವ ಮೊದಲು ಅಂಕಪಟ್ಟಿ ಕೇಳಿ ತೆಗೆದುಕೊಳ್ಳುತ್ತೇನೆ. ಎದುರಾಳಿಗೆ ಕೊಟ್ಟ ಉತ್ತರಕ್ಕೆ ಕಾಲಂ ಇಲ್ಲದಿದ್ದರೆ, ಸಂಘಟಕರನ್ನು ಒಪ್ಪಿಸಿ, ಸ್ಕೇಲ್ ಹಿಡಿದು ನಾನೇ ಗೆರೆ ಎಳೆಯುತ್ತೇನೆ. ಆಮೇಲೆ ಮಕ್ಕಳಿಗೂ ಹಿಂದಿನ ಸಾಲಿನ ಟೀಚರುಗಳಿಗೂ ಕೇಳಿಸುವ ಹಾಗೆ, ಇದಕ್ಕೂ ಹತ್ತು ಅಂಕ ಇದೆ ಎಂದು ಹೇಳುತ್ತೇನೆ.